ಹೊಂಬಣ್ಣದ ಅಕ್ಕಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಬಹು ಹಳೆಯದು. ಬೆಳ್ಳಗಿರುವ ಅನ್ನವೆಲ್ಲ ಪೂರ್ಣಾಹಾರವಲ್ಲ ಎಂಬ ತಿಳಿವಳಿಕೆ ಮಾತ್ರ ಈಚಿನದು. ಮಲ್ಲಿಗೆಯಂತೆ ಬಿಡಿಬಿಡಿಯಾಗಿ ಅರಳಿದ ಅನ್ನ ಎಲೆಯ ಮೇಲೆ ಬಿದ್ದರೆ ಉಣ್ಣುವವರ ಕಣ್ಣಿಗೂ ಹಬ್ಬ, ಬಡಿಸುವವರ ಮನಸ್ಸಿಗೂ ತೃಪ್ತಿ. ಆದರೆ ಆ ಅನ್ನವೊಂದನ್ನೇ ನಂಬಿ, ಜೊತೆಗೆ ಬೇರೇನೂ ದೊರೆಯದೆ ಬೆಳೆಯುವ ಮಗುವಿನ ಕಣ್ಣು ಮೆಲ್ಲಮೆಲ್ಲನೆ ಮಂಕಾಗತೊಡಗುತ್ತದೆ. ಮುಸ್ಸಂಜೆಯಾದೊಡನೆ ಮಗು ತಡವರಿಸುತ್ತದೆ, ಹೊಸ್ತಿಲನ್ನು ಎಡವುತ್ತದೆ, ಮುಂದಿಟ್ಟ ತಟ್ಟೆಯನ್ನು ಕೈಯಿಂದ ತಡಕಿ ಹುಡುಕುತ್ತದೆ. ಇರುಳುಗಣ್ಣು ಎಂದು ಹಿರಿಯರು ಕರೆಯುತ್ತಿದ್ದುದು ಇದನ್ನೇ.

ಈ ಕೊರತೆಯನ್ನು ಔಷಧಿಯಿಂದ ನೀಗಬಹುದು. ಸೊಪ್ಪು, ಹಣ್ಣು, ಹಾಲುಗಳಿಂದಲೂ ನೀಗಬಹುದು. ಆದರೆ ಔಷಧಿ ತಲುಪದ, ಹಾಲು ಹಣ್ಣುಗಳನ್ನು ಕೊಳ್ಳಲಾರದ ಮನೆಯ ಗತಿಯೇನು? ಆ ಮನೆಗೆ ಹೇಗಾದರೂ ಹೋಗಿ ಸೇರುವ ಅಕ್ಕಿಯೇ ಔಷಧಿಯನ್ನೂ ಹೊತ್ತುಕೊಂಡು ಹೋಗುವಂತಾದರೆ? ಈ ಪ್ರಶ್ನೆಯ ಬೆನ್ನು ಹತ್ತಿ ಹುಟ್ಟಿದುದೇ ಹೊಂಬಣ್ಣದ ಅಕ್ಕಿ. ಒಂದು ಜೀವಿಯ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಮತ್ತೊಂದು ಜೀವಿಯೊಳಕ್ಕೆ ಸೇರಿಸಿ ಪಡೆದ ಬೆಳೆಗಳಿಗೆ ಕುಲಾಂತರಿ ಬೆಳೆಗಳೆಂದು ಹೆಸರು. ಅವುಗಳಲ್ಲಿ ಬಹುಪಾಲು ಹುಳುವನ್ನೋ ಕಳೆಯನ್ನೋ ಎದುರಿಸಲೆಂದು, ಬೆಳೆಯುವವನ ಅನುಕೂಲಕ್ಕಾಗಿ ಸಿದ್ಧವಾದವು. ಉಣ್ಣುವವರ ಆರೋಗ್ಯವನ್ನೇ ಗುರಿಯಾಗಿಟ್ಟುಕೊಂಡು ಹುಟ್ಟಿದವುಗಳಲ್ಲಿ ಈ ಅಕ್ಕಿಯ ಹೆಸರೇ ಮೊದಲು ಬರತಕ್ಕದ್ದು. ಇದರ ಕಥೆಯಲ್ಲಿ ವಿಜ್ಞಾನವೂ ಉಂಟು, ಜಗಳವೂ ಉಂಟು, ನ್ಯಾಯಾಲಯದ ತೀರ್ಪೂ ಉಂಟು.

ಕಣ್ಣಿಗೂ ಅನ್ನಕ್ಕೂ ನಂಟು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ವೈದ್ಯನು ಕೋಳಿಗಳನ್ನು ಸಾಕಿ ಒಂದು ವಿಚಿತ್ರವನ್ನು ಕಂಡನು. ಪಾಲಿಷ್ ಮಾಡಿದ ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬಿದ್ದವು. ತೌಡಿನ ಸಮೇತ ಅಕ್ಕಿಯನ್ನು ಹಾಕಿದಾಗ ಎದ್ದು ಓಡಾಡಿದವು. ಬೆರಿಬೆರಿ ಎಂಬ ರೋಗದ ಮೂಲ ಹೀಗೆ ಹೊರಬಿದ್ದಿತು. ಈ ಕಾರ್ಯಕ್ಕಾಗಿ 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ನಡುವೆ 1913ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಅವನ ಸಹಾಯಕಿ ಮಾರ್ಗರೀಟ್ ಡೇವಿಸ್ ಬೆಣ್ಣೆಯಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಇರುವ, ಜಿಡ್ಡಿನಲ್ಲಿ ಕರಗುವ ಮತ್ತೊಂದು ಅಂಶವನ್ನು ಗುರುತಿಸಿದರು. ಅದೇ ಇಂದಿನ ಜೀವಸತ್ವ ‘ಎ’.

ಕಣ್ಣಿನ ಹಿಂಬದಿಯಲ್ಲಿರುವ ಅಕ್ಷಿಪಟದಲ್ಲಿ ಮಂದ ಬೆಳಕನ್ನು ಹಿಡಿಯುವ ಕೋಲಿನಾಕಾರದ ಕೋಶಗಳಿವೆ. ಅವು ತಮ್ಮ ಕೆಲಸಕ್ಕೆ ಬಳಸುವ ಕೆಂಪುಬಣ್ಣದ ದ್ರವ್ಯ ಸಿದ್ಧವಾಗಬೇಕಾದರೆ ಜೀವಸತ್ವ ‘ಎ’ ಬೇಕು. ಅದು ಸಾಲದಾದಾಗ ಮೊದಲು ಕೆಡುವುದು ಸಂಜೆಯ ದೃಷ್ಟಿ. ಅನಂತರ ಕಣ್ಣಿನ ಬಿಳುಪು ಒಣಗುತ್ತದೆ. ಅದರ ಮೇಲೆ ನೊರೆಯಂಥ ಬೂದುಚುಕ್ಕೆಗಳು ಮೂಡುತ್ತವೆ. ಫ್ರಾನ್ಸಿನ ವೈದ್ಯ ಬಿಟೋ 1863ರಲ್ಲಿ ವರ್ಣಿಸಿದುದರಿಂದ ಅವಕ್ಕೆ ಅವನ ಹೆಸರೇ ನಿಂತಿದೆ. ಇನ್ನೂ ಅಲಕ್ಷ್ಯ ಮಾಡಿದರೆ ಪಾಪೆಯ ಮುಂದಿನ ಪಾರದರ್ಶಕ ಪೊರೆ ಮೆತ್ತಗಾಗಿ ಕರಗಿಹೋಗುತ್ತದೆ. ಹೀಗೆ ಹೋದ ದೃಷ್ಟಿ ಹಿಂದಿರುಗಿ ಬರುವುದಿಲ್ಲ.

ಗಿಡಗಳಲ್ಲಿ ಈ ಜೀವಸತ್ವ ನೇರವಾಗಿ ಇರುವುದಿಲ್ಲ. ಅದಕ್ಕೆ ಬದಲಾಗಿ ಬೀಟಾ-ಕೆರೊಟಿನ್ ಎಂಬ ಕಿತ್ತಳೆ ಬಣ್ಣದ ವಸ್ತು ಇರುತ್ತದೆ. ಗಜ್ಜರಿಗೂ ಮಾಗಿದ ಮಾವಿಗೂ ಸಿಹಿಗುಂಬಳಕ್ಕೂ ಬಣ್ಣ ಕೊಡುವುದು ಅದೇ. ಅದನ್ನು ಸೀಳಿ ಜೀವಸತ್ವವನ್ನಾಗಿ ಮಾಡಿಕೊಳ್ಳುವ ಕೆಲಸವನ್ನು ಶರೀರ ತಾನೇ ನಡೆಸುತ್ತದೆ. ಬತ್ತದ ಪೈರಿನ ಹಸುರು ಗರಿಯಲ್ಲಿಯೂ ಈ ವಸ್ತು ಹೇರಳವಾಗಿದೆ. ಆದರೆ ದನ ಮೇಯುವ ಗರಿಯಲ್ಲಿರುವುದು ಮನುಷ್ಯ ಉಣ್ಣುವ ಕಾಳಿನಲ್ಲಿ ಇಲ್ಲ! ಬೆರಿಬೆರಿಗಾದರೆ ತೌಡನ್ನು ಉಳಿಸಿಕೊಂಡರೆ ಸಾಕು. ಜೀವಸತ್ವ ‘ಎ’ಯ ವಿಷಯದಲ್ಲಿ ತೌಡೂ ಕೈಕೊಡುತ್ತದೆ. ಕುಟ್ಟಿದ ಅಕ್ಕಿಯಾಗಲಿ, ಗಿರಣಿಯ ಅಕ್ಕಿಯಾಗಲಿ, ಈ ಲೆಕ್ಕದಲ್ಲಿ ಎರಡೂ ಬರಿದೇ.

ಕಣ್ಣನ್ನು ಮೀರಿದ ಹಾನಿ

ಈ ಕೊರತೆ ಕಣ್ಣನ್ನು ಮಾತ್ರ ಕಾಡುವುದೆಂದು ಬಹುಕಾಲ ತಿಳಿಯಲಾಗಿತ್ತು. ಅಮೆರಿಕದ ನೇತ್ರವೈದ್ಯ ಆಲ್ಫ್ರೆಡ್ ಸಾಮರ್ ಇಂಡೊನೇಷ್ಯದ ಹಳ್ಳಿಗಳಲ್ಲಿ ಮಕ್ಕಳ ಕಣ್ಣುಗಳನ್ನು ಪರೀಕ್ಷಿಸುತ್ತಿದ್ದಾಗ ಬೇರೊಂದು ಸತ್ಯ ಎದುರಾಯಿತು. ಇರುಳುಗಣ್ಣಿನ ಮಕ್ಕಳು ಕುರುಡಾಗುವ ಮೊದಲೇ ಭೇದಿಯಿಂದಲೋ ದಡಾರದಿಂದಲೋ ಸಾಯುತ್ತಿದ್ದರು. 1986ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ, ಆರು ತಿಂಗಳಿಗೊಮ್ಮೆ ಜೀವಸತ್ವ ‘ಎ’ ಕೊಟ್ಟ ಹಳ್ಳಿಗಳಲ್ಲಿ ಎಳೆಯ ಮಕ್ಕಳ ಮರಣ ಸುಮಾರು ಮೂರರಲ್ಲಿ ಒಂದು ಪಾಲು ಇಳಿದಿತ್ತು. ತಮಿಳುನಾಡಿನ ತಿರುಚಿನಾಪಳ್ಳಿಯ ಸುತ್ತಣ ಹಳ್ಳಿಗಳಲ್ಲಿ 15,000ಕ್ಕಿಂತ ಹೆಚ್ಚು ಮಕ್ಕಳನ್ನು ಒಳಗೊಂಡು ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯ ಫಲ ಇನ್ನೂ ಗಮನಾರ್ಹವಾದುದು. ಅಲ್ಲಿ ಕೊಟ್ಟದ್ದು ದೊಡ್ಡ ಪ್ರಮಾಣವಲ್ಲ. ಒಳ್ಳೆಯ ಊಟದಿಂದ ದೊರೆಯಬಹುದಾದಷ್ಟನ್ನೇ ವಾರವಾರವೂ ಹನಿಹನಿಯಾಗಿ ಕೊಟ್ಟರು. ಮರಣ ಅರ್ಧಕ್ಕಿಂತಲೂ ಕಡಿಮೆಯಾಯಿತು.

ಎಲ್ಲ ಪರೀಕ್ಷೆಗಳೂ ಇದೇ ಮಾತನ್ನು ಹೇಳಲಿಲ್ಲವೆಂಬುದನ್ನೂ ಮರೆಯಬಾರದು. ಉತ್ತರ ಪ್ರದೇಶದಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಬೃಹತ್ ಪರೀಕ್ಷೆಯಲ್ಲಿ ಮರಣದ ಇಳಿತ ಅತ್ಯಲ್ಪವಾಗಿತ್ತು. ಕೊರತೆ ತೀವ್ರವಾಗಿರುವಲ್ಲಿ ಫಲ ಹೆಚ್ಚು, ಇತರ ಕಡೆ ಕಡಿಮೆ ಎಂದು ಕೆಲವರು ಅರ್ಥಮಾಡುತ್ತಾರೆ. ಭಾರತದಲ್ಲಿ 1970ರಿಂದಲೂ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವವನ್ನು ಕುಡಿಸುವ ಕಾರ್ಯಕ್ರಮ ನಡೆದುಬಂದಿದೆ. ಬೂದುಚುಕ್ಕೆಯ ಕಣ್ಣುಗಳು, ಕರಗಿದ ಪಾಪೆಗಳು ಹಿಂದಿನಷ್ಟು ಕಾಣುವುದಿಲ್ಲ. ಆದರೂ 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೌಷ್ಟಿಕತೆಯ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಈ ಜೀವಸತ್ವ ಸಾಲದೆಂದು ಕಂಡುಬಂದಿತು.

ಹಳದಿಯ ಕಾಳಿನ ಕನಸು

1984ರಲ್ಲಿ ಫಿಲಿಪೈನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯಲ್ಲಿ ತಳಿತಜ್ಞರು ಕೂಡಿದ್ದರು. ಯಾವುದೇ ಒಂದು ಹೊಸ ಗುಣವನ್ನು ಬತ್ತಕ್ಕೆ ಕೊಡುವಂತಿದ್ದರೆ ಏನನ್ನು ಕೊಡುವಿರಿ ಎಂಬ ಪ್ರಶ್ನೆ ಎದ್ದಿತು. ರೋಗ ತಾಳುವ ಗುಣ, ಬರ ತಾಳುವ ಗುಣ ಎಂದು ಹಲವರು ಹೇಳಿದರು. ಪೀಟರ್ ಜೆನ್ನಿಂಗ್ಸ್ ಎಂಬ ಹಿರಿಯ ತಳಿತಜ್ಞನು ಮಾತ್ರ ಹಳದಿಯ ತಿರುಳಿನ ಕಾಳು ಬೇಕೆಂದನು. ಲಕ್ಷಾಂತರ ಬತ್ತದ ತಳಿಗಳಲ್ಲಿ ಅಂಥ ಕಾಳು ಎಲ್ಲಿಯೂ ಸಿಕ್ಕಿರಲಿಲ್ಲ. ಇಲ್ಲದ ಗುಣವನ್ನು ಕಸಿಯಿಂದಾಗಲಿ ಮಿಶ್ರತಳಿಯಿಂದಾಗಲಿ ತರುವುದು ಅಸಾಧ್ಯ. ಹೊರಗಿನಿಂದ ವಂಶವಾಹಿಯನ್ನು ತರದೆ ಗತ್ಯಂತರವಿರಲಿಲ್ಲ.

ಈ ಕೆಲಸವನ್ನು ಕೈಗೆತ್ತಿಕೊಂಡವರು ಸ್ವಿಟ್ಸರ್ಲೆಂಡಿನ ಜೂರಿಕ್ ನಗರದ ಪ್ರಾಧ್ಯಾಪಕ ಇಂಗೊ ಪೋಟ್ರಿಕಸ್ ಮತ್ತು ಜರ್ಮನಿಯ ಫ್ರೈಬರ್ಗಿನ ಪೀಟರ್ ಬೇಯರ್. ಬತ್ತದ ಕಾಳು ಬೀಟಾ-ಕೆರೊಟಿನ್ನಿನ ಕಚ್ಚಾ ಸಾಮಗ್ರಿಯನ್ನು ತಯಾರಿಸುತ್ತದೆ. ಆದರೆ ಮುಂದಿನ ಹಂತಗಳು ಅಲ್ಲಿ ಸ್ತಬ್ಧವಾಗಿವೆ. ಒಲೆ ಇದೆ, ಪಾತ್ರೆ ಇದೆ, ಅಕ್ಕಿಬೇಳೆಗಳೂ ಇವೆ. ಅಡುಗೆಯವರು ಮಾತ್ರ ಇಲ್ಲ. ಆ ಅಡುಗೆಯವರನ್ನು ಹೊರಗಿನಿಂದ ಕರೆತರಬೇಕಾಯಿತು. ಡ್ಯಾಫೊಡಿಲ್ ಎಂಬ ಹಳದಿ ಹೂವಿನಿಂದಲೂ ಒಂದು ಬ್ಯಾಕ್ಟೀರಿಯಾದಿಂದಲೂ ಬೇಕಾದ ವಂಶವಾಹಿಗಳನ್ನು ತೆಗೆದು ಬತ್ತದ ಕೋಶಕ್ಕೆ ಸೇರಿಸಿದರು. ಸೇರಿಸುವ ಕೆಲಸಕ್ಕೆ ನೆರವಾದುದು ಮಣ್ಣಿನಲ್ಲಿರುವ ಆಗ್ರೊಬ್ಯಾಕ್ಟೀರಿಯಂ ಎಂಬ ಇನ್ನೊಂದು ಸೂಕ್ಷ್ಮಜೀವಿ. ಗಿಡಗಳ ಒಳಹೊಕ್ಕು ತನ್ನ ವಂಶವಾಹಿಯನ್ನು ಅಲ್ಲಿ ಬಿತ್ತಿ ಬರುವುದು ಅದರ ಸಹಜ ಸ್ವಭಾವ. ಗೆಣಸಿನೊಳಗೆ ಈ ಜೀವಿಯ ವಂಶವಾಹಿಗಳು ಮನುಷ್ಯನ ಕೈವಾಡವಿಲ್ಲದೆಯೇ ಬಂದು ಸೇರಿವೆಯೆಂದು 2015ರಲ್ಲಿ ತಿಳಿದುಬಂದಿತು! ಏಕಾದಶಿಯ ದಿನ ಬೇಯಿಸಿದ ಗೆಣಸು ತಿಂದವರು ಪ್ರಕೃತಿಯೇ ಮಾಡಿದ ಕುಲಾಂತರಿಯನ್ನು ತಿಂದಂತಾಯಿತು.

2000ನೆಯ ಇಸವಿಯ ಜನವರಿಯಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಜುಲೈ ತಿಂಗಳಲ್ಲಿ ಅಮೆರಿಕದ ಟೈಮ್ ಪತ್ರಿಕೆ ಪೋಟ್ರಿಕಸ್‌ನ ಭಾವಚಿತ್ರವನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಆದರೆ ಆ ಮೊದಲ ಕಾಳಿನಲ್ಲಿದ್ದುದು ಗ್ರಾಮಿಗೆ 1.6 ಮೈಕ್ರೋಗ್ರಾಂ ಮಾತ್ರ. ಮಗುವಿಗೆ ಬೇಕಾದುದನ್ನು ಪಡೆಯಲು ಕಿಲೋಗಟ್ಟಲೆ ಅನ್ನ ಉಣ್ಣಬೇಕೆಂದು ವಿರೋಧಿಗಳು ಗೇಲಿ ಮಾಡಿದರು. ಗೇಲಿಯಲ್ಲಿ ಹುರುಳಿತ್ತು. 2005ರಲ್ಲಿ ಸಿಂಜೆಂಟಾ ಎಂಬ ಬೀಜದ ಕಂಪೆನಿಯ ವಿಜ್ಞಾನಿಗಳು ಡ್ಯಾಫೊಡಿಲ್‌ನ ವಂಶವಾಹಿಯ ಸ್ಥಾನದಲ್ಲಿ ಮೆಕ್ಕೆಜೋಳದ ವಂಶವಾಹಿಯನ್ನಿಟ್ಟರು. ಪ್ರಮಾಣ ಗರಿಷ್ಠ 37 ಮೈಕ್ರೋಗ್ರಾಮಿಗೆ ಏರಿತು. ಕಾಳಿಗೆ ನಿಜವಾದ ಹೊಂಬಣ್ಣ ಬಂದಿತು. ಬಡ ದೇಶಗಳ ಸಣ್ಣ ರೈತರಿಗೆ ಇದನ್ನು ಹಕ್ಕುಶುಲ್ಕವಿಲ್ಲದೆ ಕೊಡುವುದೆಂದೂ, ವರ್ಷಕ್ಕೆ 10,000 ಡಾಲರುಗಳಿಗಿಂತ ಕಡಿಮೆ ಗಳಿಸುವವರು ಬೀಜವನ್ನು ತಾವೇ ಉಳಿಸಿಕೊಂಡು ಮತ್ತೆ ಬಿತ್ತಬಹುದೆಂದೂ ಒಪ್ಪಂದವಾಯಿತು.

ಹೊಟ್ಟೆಗಿಳಿದ ಮೇಲೆ

ಕಾಳಿನಲ್ಲಿ ಇದ್ದರೆ ಸಾಲದು, ಮೈಗೆ ಹತ್ತಬೇಕು. ಸೊಪ್ಪಿನಲ್ಲಿರುವ ಬೀಟಾ-ಕೆರೊಟಿನ್ ಎಲೆಯ ನಾರಿನೊಳಗೆ ಸಿಕ್ಕಿಕೊಂಡಿರುವುದರಿಂದ ಬಹುಭಾಗ ಜೀರ್ಣವಾಗದೆ ಹೊರಹೋಗುತ್ತದೆ. ಮಿಶ್ರ ಆಹಾರದಲ್ಲಿ ಒಂದು ಪಾಲು ಜೀವಸತ್ವ ದೊರೆಯಲು ಹನ್ನೆರಡು ಪಾಲು ಬೀಟಾ-ಕೆರೊಟಿನ್ ಬೇಕೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಹೊಂಬಣ್ಣದ ಅಕ್ಕಿಯ ಬಗ್ಗೆ ಅಮೆರಿಕದಲ್ಲಿ ಐವರು ಆರೋಗ್ಯವಂತ ವಯಸ್ಕರು ಪರೀಕ್ಷೆಗೆ ಒಪ್ಪಿಕೊಂಡರು. ಬತ್ತವನ್ನು ಭಾರಜಲ ಬೆರೆಸಿದ ನೀರಿನಲ್ಲಿ ಬೆಳೆಸಿ, ಅದರ ಬೀಟಾ-ಕೆರೊಟಿನ್ನಿಗೆ ಗುರುತು ಹಚ್ಚಿ, ಅನ್ನ ಉಂಡವರ ರಕ್ತದಲ್ಲಿ ಆ ಗುರುತನ್ನು ಹುಡುಕಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 3.8 ಪಾಲಿಗೆ ಒಂದು ಪಾಲು ಜೀವಸತ್ವ ದೊರೆತಿತ್ತು. ಅನ್ನದ ಮೆತ್ತನೆಯ ಹಿಟ್ಟಿನಿಂದ ಅದು ಸುಲಭವಾಗಿ ಬಿಡಿಸಿಕೊಂಡು ಬರುತ್ತದೆಂದು ಊಹೆ.

ಇನ್ನೊಂದು ಅನುಕೂಲವೂ ಇದೆ. ಜೀವಸತ್ವ ‘ಎ’ಯನ್ನೇ ಅತಿಯಾಗಿ ನುಂಗಿದರೆ ಅದು ವಿಷ, ಗರ್ಭಿಣಿಯರಿಗಂತೂ ಬಹಳ ಎಚ್ಚರಿಕೆ ಬೇಕು. ಆಹಾರದ ಬೀಟಾ-ಕೆರೊಟಿನ್ ಹಾಗಲ್ಲ. ಶರೀರ ತನಗೆ ಬೇಕಾದಷ್ಟನ್ನು ಮಾತ್ರ ಜೀವಸತ್ವವನ್ನಾಗಿ ಮಾಡಿಕೊಂಡು ಮಿಕ್ಕುದನ್ನು ಬಿಡುತ್ತದೆ.

ಆದರೆ ಈ ಕಥೆಯ ಅತ್ಯಂತ ನೋವಿನ ಪ್ರಸಂಗ ಇಲ್ಲಿಯೇ ಬರುತ್ತದೆ. ಚೀನದ ಹುನಾನ್ ಪ್ರಾಂತದಲ್ಲಿ 6ರಿಂದ 8 ವರ್ಷದ ಶಾಲಾಮಕ್ಕಳಿಗೆ 2008ರಲ್ಲಿ ಈ ಅನ್ನವನ್ನು ಬಡಿಸಿ ಪರೀಕ್ಷಿಸಲಾಯಿತು. ಫಲ ಉತ್ತಮವಾಗಿಯೇ ಇತ್ತು. 2012ರಲ್ಲಿ ಅದು ಅಚ್ಚಾಯಿತು. ಅಚ್ಚಾದ ಮೇಲೆ ತಿಳಿದುದೇನು? ಮಕ್ಕಳು ಉಣ್ಣುವುದು ಕುಲಾಂತರಿ ಅಕ್ಕಿಯ ಅನ್ನವೆಂಬ ಮಾತನ್ನು ತಂದೆತಾಯಿಗಳಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ. ಮಕ್ಕಳ ಆರೋಗ್ಯಕ್ಕೆ ತೊಂದರೆಯಾದುದು ಕಂಡುಬರಲಿಲ್ಲ, ಅಂಕಿಅಂಶಗಳೂ ಸರಿಯಾಗಿಯೇ ಇದ್ದವು ಎಂದು ವಿಚಾರಣೆ ನಡೆಸಿದ ವಿಶ್ವವಿದ್ಯಾಲಯ ಹೇಳಿತು. ಹಾಗಿದ್ದರೂ ಚೀನದಲ್ಲಿ ಅಧಿಕಾರಿಗಳಿಗೆ ಶಿಕ್ಷೆಯಾಯಿತು. 2015ರಲ್ಲಿ ಪತ್ರಿಕೆ ಆ ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಮಗುವಿನ ತಟ್ಟೆಗೆ ಏನು ಬೀಳುತ್ತದೆಂದು ತಿಳಿಯುವ ಹಕ್ಕು ತಾಯಿಗೆ ಇಲ್ಲವೆ? ಬಡಿಸಿದುದು ಅಮೃತವೇ ಆಗಿದ್ದರೂ ಮುಚ್ಚಿಟ್ಟು ಬಡಿಸಿದರೆ ಅದರ ಮೇಲೆ ನಂಬಿಕೆ ಹುಟ್ಟುವುದು ಹೇಗೆ?

ಭಯಕ್ಕೆ ಆಧಾರವೆಷ್ಟು?

ಕುಲಾಂತರಿ ಆಹಾರವೆಂದೊಡನೆ ಅನೇಕರಿಗೆ ಅಂಜಿಕೆ. ಪರಕೀಯ ವಂಶವಾಹಿ ಮೈಯೊಳಗೆ ಸೇರಿ ಏನಾದರೂ ಅನಾಹುತ ಮಾಡೀತೆ? ತಿನ್ನುವ ಪ್ರತಿಯೊಂದು ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ಸಾವಿರಾರು ವಂಶವಾಹಿಗಳಿರುತ್ತವೆ. ಜಠರದಲ್ಲಿಯೂ ಕರುಳಿನಲ್ಲಿಯೂ ಅವೆಲ್ಲ ಚೂರುಚೂರಾಗಿ ಜೀರ್ಣವಾಗುತ್ತವೆ. ಹೊರಗಿನಿಂದ ಬಂದ ಒಂದೆರಡಕ್ಕೂ ಅದೇ ಗತಿ. ಮಾರುಕಟ್ಟೆಗೆ ಬಂದಿರುವ ಕುಲಾಂತರಿ ಆಹಾರಗಳಿಂದ ಮಾನವನ ಆರೋಗ್ಯಕ್ಕೆ ಕೇಡಾದುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಮೆರಿಕದ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ನಡೆಸಿದ ದೀರ್ಘ ಪರಿಶೀಲನೆಯೂ ಇದೇ ನಿರ್ಣಯಕ್ಕೆ ಬಂದಿತು.

ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಒಪ್ಪಬೇಕೆಂದಲ್ಲ. ಸೋಯಾ ಅವರೆಯ ಪೌಷ್ಟಿಕತೆಯನ್ನು ಹೆಚ್ಚಿಸಲು ಅದಕ್ಕೆ ಬ್ರೆಜಿಲ್ ದೇಶದ ಒಂದು ಬೀಜದ ವಂಶವಾಹಿಯನ್ನು ಸೇರಿಸುವ ಪ್ರಯತ್ನ ಹಿಂದೆ ನಡೆದಿತ್ತು. ಆ ಬೀಜ ಕೆಲವರ ಮೈಗೆ ಒಗ್ಗುವುದಿಲ್ಲ. ಒಗ್ಗದಿರುವ ಗುಣವೂ ವಂಶವಾಹಿಯ ಜೊತೆಗೆ ಸೋಯಾಕ್ಕೆ ಬಂದುಬಿಟ್ಟಿರುವುದು ಪರೀಕ್ಷೆಯಲ್ಲಿ ಗೊತ್ತಾಯಿತು. 1996ರಲ್ಲಿ ಅದು ಪ್ರಕಟವೂ ಆಯಿತು. ಆ ಸೋಯಾ ಮಾರುಕಟ್ಟೆಯ ಮುಖವನ್ನೇ ನೋಡಲಿಲ್ಲ. ಅಪಾಯದ ಸಂಭವವೂ ಉಂಟು, ಪರೀಕ್ಷೆ ಅದನ್ನು ಹಿಡಿಯಬಲ್ಲದು ಎಂಬ ಎರಡು ಪಾಠಗಳನ್ನೂ ಈ ಒಂದು ಉದಾಹರಣೆ ಕಲಿಸುತ್ತದೆ. ಆದುದರಿಂದ ಕುಲಾಂತರಿಗಳೆಲ್ಲ ಒಳ್ಳೆಯವೆಂದಾಗಲಿ, ಎಲ್ಲವೂ ಕೆಟ್ಟವೆಂದಾಗಲಿ ಒಟ್ಟಾಗಿ ತೀರ್ಮಾನಿಸುವುದು ತರವಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ತೂಗಬೇಕು.

ಗದ್ದೆಯಿಂದ ನ್ಯಾಯಾಲಯಕ್ಕೆ

ಪ್ರಯೋಗಶಾಲೆಯಲ್ಲಿ ಗೆದ್ದ ಅಕ್ಕಿ ಗದ್ದೆಯಲ್ಲಿ ಸುಲಭವಾಗಿ ಗೆಲ್ಲಲಿಲ್ಲ. ಫಿಲಿಪೈನ್ಸಿನಲ್ಲಿ ಮೊದಲು ಆರಿಸಿಕೊಂಡ ತಳಿಯ ಇಳುವರಿ ಸ್ಥಳೀಯ ತಳಿಗಳಿಗಿಂತ ಕಡಿಮೆಯಾಗಿ, ಬೇರೊಂದನ್ನು ಆರಿಸಿ ಮತ್ತೆ ಮೊದಲಿನಿಂದ ಕೆಲಸ ಆರಂಭಿಸಬೇಕಾಯಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜನಪ್ರಿಯ ಸ್ವರ್ಣ ತಳಿಗೆ ಈ ಗುಣವನ್ನು ತರಲು ಯತ್ನಿಸಿದಾಗ ಗಿಡಗಳು ಕುಳ್ಳಾದವು, ಎಲೆಗಳು ಬಿಳಿಚಿಕೊಂಡವು. ಹೊರಗಿನ ವಂಶವಾಹಿ ಬತ್ತದ ಬೆಳವಣಿಗೆಗೆ ಬೇಕಾದ ಸ್ವಂತ ವಂಶವಾಹಿಯೊಂದರ ನಡುವೆ ಹೋಗಿ ಕುಳಿತು ಅದನ್ನು ಕೆಡಿಸಿತ್ತೆಂದು 2017ರಲ್ಲಿ ಅವರು ಪ್ರಕಟಿಸಿದರು. ಬೀಟಾ-ಕೆರೊಟಿನ್ ಗಾಳಿಗೆ ಸೋಕಿ ದಿನೇ ದಿನೇ ಕ್ಷಯಿಸುವುದು ಇನ್ನೊಂದು ತೊಡಕು. ಸುಗ್ಗಿಯಲ್ಲಿ ತುಂಬಿಟ್ಟ ಅಕ್ಕಿಯ ಬಣ್ಣವೂ ಗುಣವೂ ಮಳೆಗಾಲದ ಹೊತ್ತಿಗೆ ಗಣನೀಯವಾಗಿ ಇಳಿದಿರುತ್ತವೆ.

ತಾಂತ್ರಿಕ ತೊಡಕುಗಳಿಗಿಂತ ಜನರ ವಿರೋಧ ಬಲವಾಗಿತ್ತು. 2013ರ ಆಗಸ್ಟಿನಲ್ಲಿ ಫಿಲಿಪೈನ್ಸಿನಲ್ಲಿ ಪ್ರತಿಭಟನಕಾರರು ಬೇಲಿ ದಾಟಿ ಪರೀಕ್ಷೆಯ ಪೈರನ್ನು ಕಿತ್ತೆಸೆದರು. 2016ರಲ್ಲಿ ನೂರಕ್ಕೂ ಹೆಚ್ಚು ಮಂದಿ ನೊಬೆಲ್ ಪುರಸ್ಕೃತರು ವಿರೋಧವನ್ನು ಕೈಬಿಡುವಂತೆ ಗ್ರೀನ್‌ಪೀಸ್ ಸಂಸ್ಥೆಗೆ ಬಹಿರಂಗ ಪತ್ರ ಬರೆದರು. 2017 ಮತ್ತು 2018ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡ, ಅಮೆರಿಕ ದೇಶಗಳು ಈ ಅಕ್ಕಿ ತಿನ್ನಲು ಯೋಗ್ಯವೆಂದು ಒಪ್ಪಿದವು. ಆದರೆ ಅಮೆರಿಕದ ಆಹಾರಾಧಿಕಾರಿಗಳು ಮತ್ತೊಂದು ಮಾತನ್ನೂ ಸೇರಿಸಿದರು: ಗದ್ದೆಯಲ್ಲಿ ಬೆಳೆದ ಕಾಳಿನಲ್ಲಿರುವ ಬೀಟಾ-ಕೆರೊಟಿನ್, ಪೊಟ್ಟಣದ ಮೇಲೆ ಅದನ್ನು ವಿಶೇಷ ಗುಣವೆಂದು ಅಚ್ಚುಹಾಕಿಕೊಳ್ಳಲು ಸಾಲದು. ಆ ದೇಶದಲ್ಲಿ ಅನ್ನ ಉಣ್ಣುವುದು ಅಲ್ಪ. ಮೂರು ಹೊತ್ತೂ ಅನ್ನವನ್ನೇ ಉಣ್ಣುವ ನಾಡಿನ ಮಗುವಿಗೆ ದಿನದ ಸರಾಸರಿ ಅಗತ್ಯದ ನೂರಕ್ಕೆ 30ರಿಂದ 50 ಪಾಲು ಇದರಿಂದ ದೊರೆಯಬಹುದೆಂದು ಬತ್ತ ಸಂಶೋಧನಾ ಸಂಸ್ಥೆಯ ಅಂದಾಜು.

2021ರ ಜುಲೈಯಲ್ಲಿ ಫಿಲಿಪೈನ್ಸ್ ಸರಕಾರ ಈ ಬತ್ತವನ್ನು ಬೆಳೆಯಲು ಅನುಮತಿ ನೀಡಿತು. ಹಾಗೆ ಮಾಡಿದ ಮೊದಲ ದೇಶ ಅದೇ. ಅಲ್ಲಿನ ನುಡಿಯಲ್ಲಿ ಆರೋಗ್ಯವಂತ ಎಂಬ ಅರ್ಥದ ‘ಮಲುಸೊಗ್’ ಎಂಬ ಹೆಸರನ್ನು ಇಟ್ಟರು. ರೈತರು ನಾಟಿ ಮಾಡಿ ಕೊಯ್ಲನ್ನೂ ಕಂಡರು. ಆದರೆ ರೈತರ ಒಂದು ಸಂಘಟನೆಯೂ ಗ್ರೀನ್‌ಪೀಸ್ ಸಂಸ್ಥೆಯೂ ನ್ಯಾಯಾಲಯಕ್ಕೆ ಹೋದವು. ಆರೋಗ್ಯಕ್ಕೂ ಪರಿಸರಕ್ಕೂ ಅಪಾಯವಿಲ್ಲವೆಂಬುದು ವೈಜ್ಞಾನಿಕವಾಗಿ ಪೂರ್ತಿ ನಿಶ್ಚಯವಾಗಿಲ್ಲವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2024ರ ಏಪ್ರಿಲ್ 17ರಂದು ಅನುಮತಿಯನ್ನು ರದ್ದುಪಡಿಸಿತು. ಬಾಂಗ್ಲಾದೇಶದಲ್ಲಿ 2017ರಲ್ಲಿ ಸಲ್ಲಿಸಿದ ಅರ್ಜಿ ವರ್ಷಗಟ್ಟಲೆ ಕಡತದಲ್ಲಿಯೇ ಉಳಿಯಿತು.

ವಿರೋಧಿಗಳ ವಾದವನ್ನು ಬರಿಯ ಹಟವೆಂದು ತಳ್ಳಿಹಾಕಲಾಗದು. ಫಿಲಿಪೈನ್ಸಿನ ಎಳೆಯ ಮಕ್ಕಳಲ್ಲಿ 2003ರಲ್ಲಿ ನೂರಕ್ಕೆ 40 ಮಂದಿಗಿದ್ದ ಈ ಕೊರತೆ 2008ರ ವೇಳೆಗೆ 15ಕ್ಕೆ ಇಳಿದಿತ್ತು. ಅಲ್ಲಿ ಆಗ ಹೊಂಬಣ್ಣದ ಅಕ್ಕಿಯ ಒಂದು ಕಾಳೂ ಇರಲಿಲ್ಲ. ಔಷಧಿಯ ಹನಿ, ಸತ್ವ ಬೆರೆಸಿದ ಆಹಾರ, ಇವೇ ಸಾಕಲ್ಲವೆ ಎಂದು ಅವರು ಕೇಳುತ್ತಾರೆ. ಸಮರ್ಥಕರ ಬಳಿಯೂ ಉತ್ತರವಿದೆ. ಅದೇ ಸಂಖ್ಯೆ 2013ರಲ್ಲಿ ಮತ್ತೆ 20ಕ್ಕೆ ಏರಿತ್ತು. ಹಣ ಬಂದಾಗ ನಡೆಯುವ ಕಾರ್ಯಕ್ರಮ ಹಣ ನಿಂತಾಗ ನಿಲ್ಲುತ್ತದೆ. ಬೀಜವಾದರೋ ಒಮ್ಮೆ ರೈತನ ಕೈ ಸೇರಿದರೆ ತಾನೇ ಬೆಳೆದು ಹರಡುತ್ತದೆ ಎಂದು ಅವರು ಹೇಳುತ್ತಾರೆ.

ಬದನೆಯ ಪಾಠ

ಆರೋಗ್ಯದ ಲಾಭ ಸತ್ವವನ್ನು ಸೇರಿಸುವುದರಿಂದ ಮಾತ್ರ ಬರುವುದಲ್ಲ, ವಿಷವನ್ನು ಕಳೆಯುವುದರಿಂದಲೂ ಬರುತ್ತದೆ. ಕಾಂಡಕೊರಕ ಹುಳುವನ್ನು ತಡೆಯುವ ಬಿ.ಟಿ. ಮೆಕ್ಕೆಜೋಳದಲ್ಲಿ ಹುಳು ಕೊರೆದ ಗಾಯಗಳು ಕಡಿಮೆ. ಆ ಗಾಯಗಳ ಮೂಲಕ ಹೊಕ್ಕು ಬೆಳೆಯುವ ಬೂಷ್ಟು ಕಡಿಮೆ. ಬೂಷ್ಟು ಕಾರುವ ಫ್ಯೂಮೊನಿಸಿನ್ ಎಂಬ ವಿಷವೂ ಕಡಿಮೆಯೆಂದು ಹಲವು ದೇಶಗಳ ಪರೀಕ್ಷೆಗಳು ತೋರಿಸಿವೆ. ಬದನೆಗೆ ಹುಳುವಿನ ಕಾಟ ಎಷ್ಟೆಂಬುದು ಕಾಯನ್ನು ಹೆಚ್ಚುವ ಗೃಹಿಣಿಯರಿಗೆ ತಿಳಿದೇ ಇದೆ. ಆ ಹುಳುವನ್ನು ಕೊಲ್ಲಲು ರೈತರು ಮೇಲಿಂದ ಮೇಲೆ ಔಷಧಿ ಸಿಂಪಡಿಸುತ್ತಾರೆ.

ಇದಕ್ಕೆ ಪರಿಹಾರವಾಗಿ ಸಿದ್ಧವಾದ ಬಿ.ಟಿ. ಬದನೆಯ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲುಗೊಂಡಿತ್ತು. ಉಡುಪಿಯ ಸ್ಥಳೀಯ ಬದನೆಯೂ ಅದರಲ್ಲಿ ಸೇರಿತ್ತು. ಊರಿನ ತಳಿಗಳ ಗತಿಯೇನೆಂಬ ಆತಂಕ ಎದ್ದಿತು. ಕೇಂದ್ರದ ಪರಿಸರ ಸಚಿವರಾಗಿದ್ದ ಜಯರಾಂ ರಮೇಶ್ ಊರೂರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, ಕೊನೆಯದಾಗಿ ಬೆಂಗಳೂರಿನಲ್ಲಿ ಅಹವಾಲು ಕೇಳಿದರು. 2010ರ ಫೆಬ್ರುವರಿ 9ರಂದು ಬೆಳೆಗೆ ತಡೆ ಬಿದ್ದಿತು. ನೆರೆಯ ಬಾಂಗ್ಲಾದೇಶ ಅದೇ ಬದನೆಯನ್ನು 2013ರಲ್ಲಿ ಒಪ್ಪಿಕೊಂಡು 2014ರಲ್ಲಿ 20 ಮಂದಿ ರೈತರ ಕೈಗೆ ಸಸಿ ಕೊಟ್ಟಿತು. ಅಲ್ಲಿ ಸಿಂಪಡಣೆ ಕಡಿಮೆಯಾಗಿ, ಬೆಳೆಗಾರರಲ್ಲಿ ವಿಷ ಸೋಕಿದ ಲಕ್ಷಣಗಳೂ ತಗ್ಗಿದುವೆಂದು ಅಧ್ಯಯನಗಳು ತಿಳಿಸಿವೆ.

ಇಂದಿನ ಅಡುಗೆಮನೆಗೆ

ಹೊಂಬಣ್ಣದ ಅಕ್ಕಿ ಭಾರತದ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಅದು ಬರುವವರೆಗೆ, ಅಥವಾ ಬಾರದೆಯೇ ಹೋದರೂ, ಮಾಡಬೇಕಾದ ಕೆಲಸ ಕಾದು ಕುಳಿತಿರುವುದಿಲ್ಲ. ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನು ಕೆಲವು ಮನೆಗಳಲ್ಲಿ ಹಿಂಡಿ ಚೆಲ್ಲುವ ಪದ್ಧತಿ ಇತ್ತು. ಅದರಲ್ಲಿ ಈ ಜೀವಸತ್ವ ತುಂಬಿರುವುದರಿಂದ ಒಂದು ಹನಿಯನ್ನೂ ಕೆಡಿಸಬಾರದು. ಒಂಬತ್ತನೆಯ ತಿಂಗಳಿನಿಂದ ಐದು ವರ್ಷ ತುಂಬುವವರೆಗೆ ಆರಾರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಕುಡಿಸುವ ಹನಿಯನ್ನು ತಪ್ಪಿಸಬಾರದು. ದಡಾರ ಬಂದ ಮಗುವಿನ ಮೈಯಲ್ಲಿ ಈ ಸತ್ವ ಬೇಗ ಬರಿದಾಗುತ್ತದೆ. ಆಗ ವೈದ್ಯರನ್ನು ಕಂಡು ಕೇಳತಕ್ಕದ್ದು.

ನುಗ್ಗೆಸೊಪ್ಪು, ಹರಿವೆ, ದಂಟಿನ ಸೊಪ್ಪು, ಸಿಹಿಗುಂಬಳ, ಗಜ್ಜರಿ, ಪರಂಗಿ ಹಣ್ಣು, ಮಾವು ಇವೆಲ್ಲ ಬೀಟಾ-ಕೆರೊಟಿನ್ನಿನ ಭಂಡಾರಗಳು. ಇವುಗಳ ಸತ್ವ ಮೈಗೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಜಿಡ್ಡಿರಬೇಕು. ಸೊಪ್ಪಿನ ಪಲ್ಯಕ್ಕೆ ಅಜ್ಜಿಯರು ಹಾಕುತ್ತಿದ್ದ ಒಗ್ಗರಣೆ ರುಚಿಗಾಗಿ ಮಾತ್ರ ಇದ್ದುದಲ್ಲವೆಂದು ಈಗ ವಿಜ್ಞಾನ ಹೇಳುತ್ತಿದೆ. ಹೊಟ್ಟೆಯಲ್ಲಿ ಹುಳುವಿರುವ, ಪದೇ ಪದೇ ಭೇದಿಯಾಗುವ ಮಗು ಎಷ್ಟು ಉಂಡರೂ ಸತ್ವ ಹೊರಗೇ ಹೋಗುತ್ತದೆ. ಶುದ್ಧವಾದ ನೀರೂ ಈ ಚಿಕಿತ್ಸೆಯ ಒಂದು ಭಾಗವೇ.

ಕೊನೆಗೆ ಒಂದು ಮಾತು. ಹಾಲು, ತುಪ್ಪ, ಮೊಟ್ಟೆ, ಹಣ್ಣು ದಿನವೂ ದೊರೆಯುವ ಮನೆಗಳಲ್ಲಿ ಇರುಳುಗಣ್ಣು ಅಪರೂಪ. ಕುಲಾಂತರಿ ಬೇಕೋ ಬೇಡವೋ ಎಂಬ ಚರ್ಚೆ ನಡೆಯುವುದಾದರೂ ಹೆಚ್ಚಾಗಿ ಅಂಥ ಮನೆಗಳಲ್ಲಿಯೇ. ಬೇಡವೆನ್ನುವವರ ಮಕ್ಕಳಿಗೆ ಅದರಿಂದ ನಷ್ಟವಿಲ್ಲ. ಬೇಕೆನ್ನುವವರ ಮಕ್ಕಳಿಗೂ ಆ ಅನ್ನವನ್ನು ಉಣ್ಣುವ ಅಗತ್ಯವಿಲ್ಲ. ಎರಡು ವಾದಗಳ ಫಲವನ್ನೂ ಅನುಭವಿಸುವುದು ಗಾರೆಕೆಲಸದವಳ ಜೋಪಡಿಯಲ್ಲಿ ಸಂಜೆಗತ್ತಲಲ್ಲಿ ತಟ್ಟೆ ತಡಕುವ ಮಗು. ಆ ತಾಯಿಗೆ ಈ ಅಕ್ಕಿ ಏನು, ಇದರಿಂದ ಲಾಭವೆಷ್ಟು, ಸಂದೇಹವೆಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಅವಳ ಅಭಿಪ್ರಾಯವನ್ನು ಕೇಳಿದವರು ಈ ಇಪ್ಪತ್ತೈದು ವರ್ಷಗಳ ವಾಗ್ವಾದದಲ್ಲಿ ಬಹಳ ಮಂದಿ ಇಲ್ಲ. ಮುಂದೆ ನಡೆಯುವ ಪರೀಕ್ಷೆಗಳೂ ತೀರ್ಪುಗಳೂ ಅವಳಿಂದಲೇ ಆರಂಭವಾದರೆ ಒಳಿತು.